ಕೊಡಗಿನ ದಾರಿಗೆ ಸಣ್ಣ ಫೋರ್‌ವೀಲ್ ಡ್ರೈವ್ ವಾಹನದ ಹೊಸ ಟೈರ್: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮ್ನಿ, ಜಿಪ್ಸಿ, ಥಾರ್ ಮತ್ತು ಹಳೆಯ ಮಹೀಂದ್ರ ಜೀಪುಗಳನ್ನು ತೋಟದ ಕೆಲಸಕ್ಕೂ ಮನೆಯ ಓಡಾಟಕ್ಕೂ ಇಟ್ಟುಕೊಂಡವರು ಟೈರ್ ಬದಲಿಸುವ ಮುನ್ನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಎಲ್ಲ ಉತ್ತರಗಳೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಜನವರಿಯ ಒಣ ರಸ್ತೆಯಲ್ಲಿ ಯಾವ ಟೈರನ್ನೂ ದೂರುವಂತಿರುವುದಿಲ್ಲ.

ಟೈರ್ ಬದಲಿಸುವ ಕಾಲ ಬಂದಿದೆ ಎಂದು ತಿಳಿಯುವುದು ಹೇಗೆ?

ಟೈರಿನ ಹಲ್ಲುಗಳ ನಡುವಿನ ಮುಖ್ಯ ಸೀಳುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಅವು ಎಲ್ಲಿವೆ ಎಂಬುದನ್ನು ಪಕ್ಕದ ಗೋಡೆಯ ಮೇಲಂಚಿನಲ್ಲಿರುವ ಟಿಡಬ್ಲ್ಯುಐ ಎಂಬ ಅಕ್ಷರಗಳೋ ಪುಟ್ಟ ತ್ರಿಕೋನದ ಗುರುತೋ ತೋರಿಸುತ್ತದೆ. ಈ ದಿಣ್ಣೆಗಳ ಎತ್ತರ 1.6 ಮಿಲಿಮೀಟರ್, ಹಲ್ಲು ಸವೆದು ಆ ಮಟ್ಟಕ್ಕೆ ಇಳಿಯಿತೆಂದರೆ ಟೈರಿನ ಆಯುಸ್ಸು ತೀರಿತು. ಆದರೆ ಅಷ್ಟರವರೆಗೆ ಕಾಯುವುದು ಬಯಲುಸೀಮೆಯವರಿಗೆ ಒಪ್ಪಬಹುದೇ ಹೊರತು ನಮಗಲ್ಲ. ಟೈರಿನ ಕೆಳಗೆ ಸಿಕ್ಕಿದ ನೀರು ಹೊರಗೆ ಹೋಗಲು ಸೀಳುಗಳ ಆಳವೊಂದೇ ದಾರಿಯಾದ್ದರಿಂದ, ಆಳ ಕಡಿಮೆಯಾದಷ್ಟೂ ಟೈರು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುವ ಸಂಭವ ಹೆಚ್ಚುತ್ತದೆ. ಮಳೆಗಾಲಕ್ಕೆ ಕಾಲಿಡುವಾಗ ಕನಿಷ್ಠ 3 ಮಿಲಿಮೀಟರ್ ಆಳವಾದರೂ ಇರಬೇಕೆಂಬುದು ನನ್ನ ಲೆಕ್ಕ. ಮೇ ತಿಂಗಳಲ್ಲಿ ಅಳೆದಾಗ ಅದಕ್ಕಿಂತ ಕಡಿಮೆ ಬಂದರೆ, ದೀಪಾವಳಿಯವರೆಗೆ ತಳ್ಳೋಣ ಎಂಬ ಯೋಚನೆಯನ್ನು ಬಿಡುವುದು ಲೇಸು.

ಅಳೆಯುವಾಗ ಹಲ್ಲಿನ ನಡುಭಾಗವನ್ನೂ ಎರಡು ಅಂಚುಗಳನ್ನೂ ಬೇರೆಬೇರೆಯಾಗಿ ನೋಡಬೇಕು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತೆಂದೂ ತಿಳಿಯಬೇಕು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅದನ್ನು ಸರಿಪಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಹಾಗೆಯೇ ಹಾಳಾಗುತ್ತದೆ.

ನಮ್ಮ ಜೀಪು ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಮಾತ್ರ ಓಡುತ್ತದೆ. ಎಂಟು ವರ್ಷವಾದರೂ ಹಲ್ಲು ಚೆನ್ನಾಗಿದೆ. ಆದರೂ ಬದಲಿಸಬೇಕೇ?

ಬದಲಿಸಬೇಕು. ತೋಟದ ವಾಹನಗಳಲ್ಲಿ ಟೈರು ಸವೆದು ಸಾಯುವುದಕ್ಕಿಂತ ಮುಪ್ಪಾಗಿ ಸಾಯುವುದೇ ಹೆಚ್ಚು. ಓಡದೆ ನಿಂತ ಟೈರಿನ ರಬ್ಬರು ಗಾಳಿ, ಬಿಸಿಲುಗಳಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ, ಪಕ್ಕದ ಗೋಡೆಯಲ್ಲೂ ಹಲ್ಲುಗಳ ಬುಡದಲ್ಲೂ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಗಟ್ಟಿಯಾದ ರಬ್ಬರು ಒಣ ಮಣ್ಣಿನಲ್ಲಿ ತನ್ನ ದೋಷವನ್ನು ತೋರಿಸುವುದಿಲ್ಲ. ಒದ್ದೆ ಟಾರಿನ ಮೇಲೆ ಬ್ರೇಕ್ ಒತ್ತಿದಾಗ ತೋರಿಸುತ್ತದೆ.

ಟೈರಿನ ವಯಸ್ಸನ್ನು ಯಾರನ್ನೂ ಕೇಳಬೇಕಾಗಿಲ್ಲ. ಪಕ್ಕದ ಗೋಡೆಯಲ್ಲಿ ಡಿಒಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಿದರೆ ಸಾಕು: 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ಈ ನಾಲ್ಕು ಅಂಕಿ ಟೈರಿನ ಒಂದೇ ಬದಿಯಲ್ಲಿ ಇರುವುದುಂಟಾದ್ದರಿಂದ ಹೊರಗೆ ಕಾಣದಿದ್ದರೆ ಒಳಬದಿಯನ್ನು ನೋಡಬೇಕು. ತಯಾರಾಗಿ ಐದಾರು ವರ್ಷ ಕಳೆದ ಮೇಲೆ ಪ್ರತಿ ಮಳೆಗಾಲಕ್ಕೆ ಮುಂಚೆ ತಿಳಿದವರಿಂದ ತಪಾಸಣೆ ಮಾಡಿಸುವುದು, ಹತ್ತು ವರ್ಷ ತುಂಬಿದ್ದನ್ನು ಹಲ್ಲು ಹೇಗೇ ಇರಲಿ ತೆಗೆದುಹಾಕುವುದು ಸಾಮಾನ್ಯವಾಗಿ ಒಪ್ಪಿಕೊಂಡ ಕ್ರಮ. ಎಂಟು ವರ್ಷದ, ಬಿರುಕು ಬಿಟ್ಟ ಟೈರಿನಲ್ಲಿ ಸಂಪಾಜೆ ಘಾಟಿ ಇಳಿಯುವುದನ್ನು ನಾನಂತೂ ಒಪ್ಪಲಾರೆ.

ಕೊಡವರ ಆಯುಧಹಬ್ಬವಾದ ಕೈಲ್‌ಪೊಳ್ದ್‌ಗೋ ಆಯುಧಪೂಜೆಗೋ ಜೀಪು ತೊಳೆದು ಟೈರಿಗೆ ಹೊಳಪಿನ ಎಣ್ಣೆ ಬಳಿಯುವ ರೂಢಿ ಹಲವರಲ್ಲಿದೆ. ಪೆಟ್ರೋಲಿಯಂ ಮೂಲದ ಎಣ್ಣೆ ರಬ್ಬರಿಗೆ ಒಳ್ಳೆಯದಲ್ಲ. ಮೇಲಾಗಿ ಹೊಳಪು ಬಿರುಕುಗಳನ್ನು ಮುಚ್ಚಿಬಿಡುತ್ತದೆ. ಪೂಜೆಗೆ ಹೂವು, ಗಂಧ ಸಾಕು.

ಟೈರಿನ ಮೇಲಿರುವ ಅಂಕಿಗಳನ್ನು ಓದುವುದು ಹೇಗೆ?

ಜಿಮ್ನಿಯ ಟೈರಿನ ಮೇಲಿರುವ 195/80 ಆರ್15 96ಎಸ್ ಎಂಬುದನ್ನೇ ತೆಗೆದುಕೊಳ್ಳೋಣ. 195 ಎಂದರೆ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 80ರಷ್ಟು, ಅಂದರೆ 156 ಮಿಲಿಮೀಟರ್. ಆರ್ ಎಂದರೆ ರೇಡಿಯಲ್ (ಒಳಗಿನ ಹುರಿಗಳನ್ನು ಅಂಚಿನಿಂದ ಅಂಚಿಗೆ ನೇರವಾಗಿ ಹಾಸಿದ್ದು), 15 ಎಂದರೆ ಡಿಸ್ಕಿನ, ಅಂದರೆ ಟೈರ್ ಕೂರುವ ಲೋಹದ ಚಕ್ರದ, ವ್ಯಾಸ ಇಂಚುಗಳಲ್ಲಿ. 96 ಭಾರದ ಸೂಚ್ಯಂಕ. ಒಂದು ಟೈರ್ 710 ಕಿಲೋ ಹೊರಬಲ್ಲದು ಎಂದರ್ಥ. ಎಸ್ ವೇಗದ ಗುರುತು. ಗಂಟೆಗೆ 180 ಕಿಲೋಮೀಟರ್. ಕೆಸರಿನ ಟೈರುಗಳ ಮೇಲೆ ಹೆಚ್ಚಾಗಿ ಕಾಣುವ ಕ್ಯೂ ಅಕ್ಷರಕ್ಕೆ 160 ಕಿಲೋಮೀಟರ್. ನಮ್ಮ ತಿರುವುಗಳಲ್ಲಿ ವೇಗದ ಅಕ್ಷರಕ್ಕಿಂತ ಭಾರದ ಅಂಕಿಯೇ ಮುಖ್ಯ: ಕಾಫಿ ಚೀಲ, ಗೊಬ್ಬರದ ಮೂಟೆ, ಮೇಲೆ ನಾಲ್ಕು ಆಳು ಎಂದು ಹೇರುವ ವಾಹನಕ್ಕೆ ಮೂಲ ಟೈರಿಗಿಂತ ಕಡಿಮೆ ಸೂಚ್ಯಂಕದ್ದನ್ನು ಯಾವ ಕಾರಣಕ್ಕೂ ಹಾಕಿಸಬಾರದು.

ಇತರ ವಾಹನಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಗಳು ಹೀಗಿವೆ. ಹಳೆಯ ಮಹೀಂದ್ರ ಜೀಪುಗಳಿಗೆ 6.00-16, 2010ರಲ್ಲಿ ಬಂದ ಥಾರಿನ ಸಿಆರ್‌ಡಿಇ ಮಾದರಿಗೆ 235/70 ಆರ್16, 2020ರ ಥಾರಿಗೆ ಮಾದರಿಯನ್ನು ಅನುಸರಿಸಿ 245/75 ಆರ್16 ಅಥವಾ 255/65 ಆರ್18, ಜಿಪ್ಸಿಗೆ ಎಫ್78-15 ಎಂಬ ಹಳೆಯ ಕ್ರಮದ ಅಳತೆ ಇಲ್ಲವೇ 205/70 ಆರ್15. ನಿಮ್ಮ ವಾಹನದ ಸರಿಯಾದ ಅಳತೆ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಪಟ್ಟಿಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಂಡವರು ಈಗ ಹಾಕಿರುವ ಟೈರನ್ನೇ ಅಳತೆಯೆಂದು ನಂಬಬಾರದು; ಹಿಂದಿನ ಮಾಲೀಕರು ತಮ್ಮ ಇಷ್ಟದಂತೆ ಹಾಕಿಸಿರಬಹುದು.

ಎಚ್‌ಟಿ, ಎಟಿ, ಎಂಟಿ ಎನ್ನುತ್ತಾರೆ. ಕೊಡಗಿಗೆ ಯಾವುದು?

ಎಚ್‌ಟಿ ಎಂದರೆ ಟಾರು ರಸ್ತೆಗೆ ಮಾಡಿದ್ದು: ಹಲ್ಲುಗಳು ಒತ್ತೊತ್ತಾಗಿ, ಸೀಳುಗಳು ಕಿರಿದಾಗಿ ಇರುತ್ತವೆ. ಎಂಟಿ ಎಂದರೆ ಕೆಸರಿಗೆ ಮಾಡಿದ್ದು. ನಮ್ಮಲ್ಲಿ ಇದನ್ನೇ ಬಟನ್ ಟೈರ್ ಎನ್ನುವುದು. ಅದರ ಹಲ್ಲುಗಳು ದಪ್ಪ, ನಡುವಿನ ಜಾಗ ಅಗಲ. ಚಕ್ರ ತಿರುಗುವಾಗ ಮೆತ್ತಿದ ಮಣ್ಣನ್ನು ಅದೇ ಎಸೆದು ಹಲ್ಲನ್ನು ಸ್ವಚ್ಛವಾಗಿಟ್ಟುಕೊಳ್ಳುತ್ತದೆ. ಎಟಿ ಇವೆರಡರ ನಡುವಿನದು.

ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ದಾರಿಯ ಅತ್ಯಂತ ಕೆಟ್ಟ ಅರ್ಧ ಕಿಲೋಮೀಟರನ್ನು ನೆನಪಿಟ್ಟುಕೊಂಡು ಬರುತ್ತಾರೆ. ಗೇಟಿನಿಂದ ಮನೆಯವರೆಗಿನ ಓಣಿ, ಜುಲೈ-ಆಗಸ್ಟಿನ ಕಕ್ಕಡ ಮಾಸದ ಮಳೆಗೆ ಕರಗಿದ ಕೆಂಪು ಜೇಡಿಮಣ್ಣು, ಕಳೆದ ವರ್ಷ ಅಲ್ಲಿ ಸಿಕ್ಕಿಕೊಂಡು ಟ್ರ್ಯಾಕ್ಟರ್ ಕರೆಸಿದ ನಾಚಿಕೆ, ಇವೆಲ್ಲ ಸೇರಿ ಬಟನ್ ಟೈರೇ ಬೇಕೆಂದು ಹೇಳಿಸುತ್ತವೆ. ಆದರೆ ಅದೇ ವಾಹನ ಅದೇ ದಿನ ಮಕ್ಕಳನ್ನು ಶಾಲೆಗೆ ಬಿಡಲು, ಗೋಣಿಕೊಪ್ಪದ ಸಂತೆಗೆ, ಮಡಿಕೇರಿಯ ಆಸ್ಪತ್ರೆಗೆ ಎಂದು ಓಡುವ ಮೂವತ್ತು ನಲವತ್ತು ಕಿಲೋಮೀಟರ್ ಒದ್ದೆ ಟಾರು ಲೆಕ್ಕಕ್ಕೇ ಬಂದಿರುವುದಿಲ್ಲ. ಎಂಟಿ ಟೈರಿನಲ್ಲಿ ನೆಲಕ್ಕೆ ತಾಗುವ ರಬ್ಬರು ಕಡಿಮೆ. ದಪ್ಪ ಹಲ್ಲುಗಳಲ್ಲಿ ನೀರಿನ ತೆಳುಪದರವನ್ನು ಕತ್ತರಿಸುವ ಕೂದಲುಸೀಳುಗಳೂ ಕಡಿಮೆ. ಹೀಗಾಗಿ ಒದ್ದೆ ಟಾರಿನ ಮೇಲೆ ಬ್ರೇಕ್ ಒತ್ತಿದರೆ ಎಚ್‌ಟಿ ಅಥವಾ ಒಳ್ಳೆಯ ಎಟಿ ಟೈರಿಗಿಂತ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಓಣಿಯ ಕೆಸರಿನಲ್ಲಿ ಸಿಕ್ಕಿಕೊಂಡವನು ಛತ್ರಿ ಹಿಡಿದು ನಡೆದು ಮನೆ ಸೇರಿಯಾನು. ಮಾಕುಟ್ಟದ ಇಳಿಜಾರಿನಲ್ಲಿ, ಮಂಜು ಮುಚ್ಚಿದ ತಿರುವಿನಲ್ಲಿ ಎದುರಿಗೆ ಬಸ್ಸು ಕಂಡಾಗ ಜಾರಿದವನ ಕಥೆ ಬೇರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಲೇಬೇಕು. ಫೋರ್‌ವೀಲ್ ಡ್ರೈವ್ ಇದೆಯೆಂದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವುದು ಹೊರಡಲು, ಏರಲು ನೆರವಾಗುತ್ತದೆ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇದೆ. ಹತ್ತುವಾಗ ಸಿಕ್ಕ ಧೈರ್ಯ ಇಳಿಯುವಾಗ ಮೋಸ ಮಾಡುವುದು ಇದರಿಂದಲೇ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಕುಶಾಲನಗರ, ಸುಂಟಿಕೊಪ್ಪದ ಕಡೆ ವಾಸವಿದ್ದು ಮನೆಬಾಗಿಲವರೆಗೆ ಟಾರೋ ಕಾಂಕ್ರೀಟೋ ಇರುವವರಿಗೆ ಎಚ್‌ಟಿ ಧಾರಾಳವಾಗಿ ಸಾಕು. ಒಂದು ಮೆಟ್ಟಿಲು ಮೇಲಕ್ಕೆ ಹೋದರೂ ಅದು ಇಷ್ಟದ ಮಾತೇ ಹೊರತು ಅಗತ್ಯವಲ್ಲ. ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ, ಗಾಳಿಬೀಡು, ಮಾದಾಪುರ, ಶಾಂತಳ್ಳಿಯಂಥ ಹೆಚ್ಚು ಮಳೆಯ ಊರುಗಳಲ್ಲಿ ತೋಟದ ಒಳದಾರಿಯೂ ಘಾಟಿ ರಸ್ತೆಯೂ ಎರಡೂ ದಿನನಿತ್ಯದ್ದಾದವರಿಗೆ ಎಟಿ, ಅದರಲ್ಲೂ ಹಲ್ಲುಗಳ ಮೇಲೆ ಕೂದಲುಸೀಳು ಹೆಚ್ಚಿರುವ ಮಾದರಿ. ಎಂಟಿಯನ್ನು ತೋಟದ ಗೇಟು ದಾಟದ ಕೆಲಸದ ಜೀಪಿಗೆ ಅಥವಾ ಮಾಂದಲಪಟ್ಟಿಯಂಥ ದಾರಿಯಲ್ಲಿ ಬಾಡಿಗೆಗೆ ಓಡುವ ಜೀಪಿಗೆ ಮೀಸಲಿಡುವುದು ಒಳ್ಳೆಯದು.

ಎಟಿಗಳ ಪಕ್ಕದಲ್ಲಿ ಕಾಣುವ ಎಂ+ಎಸ್ ಎಂಬ ಗುರುತಿನ ಅರ್ಥ ಕೆಸರು ಮತ್ತು ಹಿಮ. ತಯಾರಕರು ಹಲ್ಲಿನ ವಿನ್ಯಾಸವನ್ನು ನೋಡಿ ತಾವೇ ಹಾಕಿಕೊಳ್ಳುವ ಗುರುತು ಇದು. ಇದನ್ನು ನೋಡಿ ಕೆಸರಿನ ಟೈರ್ ಎಂದು ತಿಳಿಯಬೇಕಾಗಿಲ್ಲ.

ಎಟಿ ಹಾಕಿಸಿದರೆ ಆ ಕೊನೆಯ ಅರ್ಧ ಕಿಲೋಮೀಟರಿಗೆ ಏನು ಮಾಡುವುದು?

ಚೈನು ಕಟ್ಟುವುದು. ಮಲೆನಾಡಿನ ಜೀಪುಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಉಪಾಯವಿದು, ಯಾವ ಬಟನ್ ಟೈರಿಗಿಂತಲೂ ಜೇಡಿಮಣ್ಣಿನಲ್ಲಿ ಹೆಚ್ಚು ಕಚ್ಚುತ್ತದೆ. ಗೇಟಿನ ಬಳಿ ಇಳಿದು ಕಟ್ಟಿ, ಟಾರು ಸಿಗುವಾಗ ಬಿಚ್ಚಬೇಕು ಎಂಬುದೇ ಅದರ ಕಷ್ಟ. ಬಿಚ್ಚದೆ ಟಾರಿನಲ್ಲಿ ಓಡಿಸಿದರೆ ರಸ್ತೆಯೂ ಟೈರೂ ಹಾಳು, ಗಾಡಿಯೂ ಜಾರುತ್ತದೆ. ಚೈನು ಟೈರಿನ ಅಳತೆಗೆ ಸರಿಹೊಂದಬೇಕು. ಟೈರ್ ಅಗಲ ಮಾಡಿಸಿಕೊಂಡವರ ಗಾಡಿಯಲ್ಲಿ ಚೈನು ಒಳಗಿನ ಬ್ರೇಕ್ ಪೈಪಿಗೋ ಮಡ್‌ಗಾರ್ಡಿಗೋ ತಾಗುವುದುಂಟು. ಆದ್ದರಿಂದ ಮೊದಲ ಸಲ ಕಟ್ಟಿದಾಗ ನಿಧಾನವಾಗಿ ನಾಲ್ಕು ಸುತ್ತು ಉರುಳಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು.

ಇನ್ನು ದಾರಿಯನ್ನೇ ಸರಿಪಡಿಸುವ ಮಾರ್ಗವೂ ಇದೆ. ಇಳಿಜಾರಿನ ಇಪ್ಪತ್ತು ಅಡಿಗೆ ಸೋಲಿಂಗ್ ಕಲ್ಲು ಹಾಕಿಸಿ, ಪಕ್ಕದಲ್ಲಿ ನೀರು ಹೋಗಲು ಚರಂಡಿ ಕಡಿಸುವ ಖರ್ಚನ್ನು ಒಂದು ಜೊತೆ ದುಬಾರಿ ಟೈರಿನ ಬೆಲೆಯೊಂದಿಗೆ ಒಮ್ಮೆ ತೂಗಿ ನೋಡಬಹುದು.

ಸ್ವಲ್ಪ ದೊಡ್ಡ, ಅಗಲದ ಟೈರ್ ಹಾಕಿಸಿದರೆ ಒಳ್ಳೆಯದಲ್ಲವೇ? ಗಾಡಿಯೂ ಎತ್ತರವಾಗುತ್ತದೆ.

ಎಷ್ಟು ಎತ್ತರವಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಜಿಮ್ನಿಯ 195/80 ಆರ್15 ಟೈರಿನ ಒಟ್ಟು ವ್ಯಾಸ 693 ಮಿಲಿಮೀಟರ್. ಹಲವರು ಹಾಕಿಸುವ 215/75 ಆರ್15ರ ವ್ಯಾಸ ಸುಮಾರು 703. ಹೆಚ್ಚಿದ ಹತ್ತು ಮಿಲಿಮೀಟರಿನಲ್ಲಿ ಅರ್ಧ ಮಾತ್ರ ಹೌಸಿಂಗಿನ (ಎಡಬಲ ಚಕ್ರಗಳ ನಡುವಿನ ಆಕ್ಸಲ್ ಕವಚದ) ಕೆಳಗೆ ಸಿಗುತ್ತದೆ, ಅಂದರೆ ಐದು ಮಿಲಿಮೀಟರ್. ಜಿಮ್ನಿಯ ನೆಲದೆತ್ತರ ಮೊದಲೇ 210 ಮಿಲಿಮೀಟರ್ ಇರುವಾಗ ಈ ಐದರಿಂದ ಯಾವ ಕಲ್ಲೂ ತಪ್ಪುವುದಿಲ್ಲ. ಇನ್ನೂ ಮುಂದೆ ಹೋಗಿ 235/75 ಆರ್15 ಹಾಕಿಸಿದರೆ ವ್ಯಾಸ 733 ದಾಟುತ್ತದೆ, ಇಪ್ಪತ್ತು ಮಿಲಿಮೀಟರ್ ಎತ್ತರ ಸಿಗುತ್ತದೆ. ಜೊತೆಗೆ ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 63ರ ಮೇಲಾಗುತ್ತದೆ, ತಿರುಗಿಸುವಾಗ ಟೈರು ಒಳಗೆ ಉಜ್ಜಬಹುದು, ಗೇರಿನ ಎಳೆತ ಕುಗ್ಗುತ್ತದೆ, ಮೈಲೇಜು ಇಳಿಯುತ್ತದೆ, ಹಿಂಬಾಗಿಲಿನ ಸ್ಟೆಪ್ನಿಯ ಭಾರ ಬಾಗಿಲಿನ ಕೀಲಿನ ಮೇಲೆ ಬೀಳುತ್ತದೆ. ಸಣ್ಣ ಎಂಜಿನ್ನಿನ, ಸುಮಾರು 1,200 ಕಿಲೋ ತೂಕದ ಗಾಡಿಗೆ ಇದು ದೊಡ್ಡ ಬೆಲೆಯೇ ಸರಿ.

ಅಗಲದ ಮಾತು ಇನ್ನೂ ವಿಚಾರ ಮಾಡಬೇಕಾದದ್ದು. ಮರಳಿನಲ್ಲಿ ಅಗಲದ ಟೈರ್ ತೇಲುತ್ತದೆ, ಆದ್ದರಿಂದ ಅಲ್ಲಿ ಅದು ಒಳ್ಳೆಯದು. ನಮ್ಮ ತೋಟದ ದಾರಿಗಳಲ್ಲಿ ಸಾಮಾನ್ಯವಾಗಿ ಮೇಲೆ ನಾಲ್ಕೈದು ಇಂಚು ಕೆಸರು, ಅದರಡಿಯಲ್ಲಿ ವರ್ಷಾನುಗಟ್ಟಲೆ ಚಕ್ರ ಉರುಳಿ ಗಟ್ಟಿಯಾದ ನೆಲ. ಕಿರಿದಾದ ಟೈರು ಆ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲಕ್ಕೆ ಹಲ್ಲು ಊರುತ್ತದೆ. ಅಗಲದ್ದು ಮೇಲೆಯೇ ಜಾರುತ್ತದೆ. ಹಳೆಯ ಜೀಪುಗಳು 6.00-16ರಂಥ ಸಣಕಲು ಟೈರಿನಲ್ಲಿ ಈ ಬೆಟ್ಟಗಳನ್ನೆಲ್ಲ ಹತ್ತಿದ್ದು ಸುಮ್ಮನೆ ಅಲ್ಲ. ನೋಟಕ್ಕೆ ಅಗಲ ಚೆಂದ ಎಂಬುದನ್ನು ನಾನೂ ಒಪ್ಪುತ್ತೇನೆ. ಉಪಯೋಗದ ಕಾರಣವನ್ನು ಮಾತ್ರ ಅದಕ್ಕೆ ಕೊಡಬಾರದು.

ಮೂಲ ಅಳತೆಯಲ್ಲಿ ಎಟಿ ಸಿಗುತ್ತಿದ್ದರೆ ಅದನ್ನೇ ತೆಗೆದುಕೊಳ್ಳಿ. ಸಿಗದಿದ್ದಾಗ ಮಾತ್ರ, ವ್ಯಾಸದ ವ್ಯತ್ಯಾಸ ಶೇಕಡ ಎರಡರೊಳಗಿರುವ, ಮೂಲ ಡಿಸ್ಕಿನ ಅಗಲಕ್ಕೆ ಹೊಂದುವ ಅಳತೆಯನ್ನು ನೋಡಬಹುದು. ಎಲ್‌ಟಿ ಎಂಬ ಮೊದಲಕ್ಷರವಿರುವ ಟೈರುಗಳ ಗೋಡೆ ಗಟ್ಟಿ, ಕಲ್ಲಿಗೆ ಬೇಗ ಹರಿಯುವುದಿಲ್ಲ ಎಂಬುದು ನಿಜ. ಆದರೆ ಅವು ಭಾರವಾದ ವಾಹನಗಳಿಗೆಂದು ಮಾಡಿದವು, ಹಗುರ ಗಾಡಿಯಲ್ಲಿ ಸೊಂಟ ನೋಯಿಸುತ್ತವೆ.

ದೊಡ್ಡ ಟೈರಿಗೆ ಕಾನೂನಿನ ಅಡ್ಡಿಯಿದೆಯೇ?

ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಸೆಕ್ಷನ್ನನ್ನು ಕಟ್ಟುನಿಟ್ಟಾಗಿಯೇ ವ್ಯಾಖ್ಯಾನಿಸಿದೆ. ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟೈರುಗಳು ಚೆಕ್‌ಪೋಸ್ಟಿನಲ್ಲಿ ಮೊದಲು ಕಣ್ಣಿಗೆ ಬೀಳುತ್ತವೆ, ಅಪಘಾತವಾದಾಗ ವಿಮೆಯವರ ಕಣ್ಣಿಗೂ ಬೀಳುತ್ತವೆ. ಮಾಕುಟ್ಟ ದಾಟಿ ಕೇರಳದ ಇರಿಟ್ಟಿ, ಕಣ್ಣೂರಿಗೆ ಆಗಾಗ ಹೋಗುವವರಿಗೆ ಇದು ತಿಳಿಯದ ವಿಷಯವೇನಲ್ಲ.

ಎರಡೇ ಟೈರ್ ಬದಲಿಸಿದರೆ ಸಾಲದೇ?

ಟೂವೀಲ್ ಡ್ರೈವ್ ಕಾರಿಗಾದರೆ ಸಾಕೆನ್ನಬಹುದಿತ್ತು. ಜಿಮ್ನಿ, ಜಿಪ್ಸಿ, ಥಾರ್, ಹಳೆಯ ಜೀಪು, ಇವೆಲ್ಲವುಗಳಲ್ಲಿ ಬೇಕಾದಾಗ ಮಾತ್ರ ಲಿವರ್ ಎಳೆದು ಹಾಕಿಕೊಳ್ಳುವ ಫೋರ್‌ವೀಲ್ ಇರುವುದು. ಲಿವರ್ ಎಳೆದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಬಿಗಿಯಾಗಿ ಒಂದಾಗುತ್ತವೆ. ಎರಡರ ನಡುವೆ ವೇಗದ ವ್ಯತ್ಯಾಸವನ್ನು ನುಂಗುವ ಡಿಫರೆನ್ಷಿಯಲ್ ಇರುವುದಿಲ್ಲ. ಮುಂದೆ 8.5 ಮಿಲಿಮೀಟರ್ ಹಲ್ಲಿನ ಹೊಸ ಟೈರ್, ಹಿಂದೆ 2.5 ಮಿಲಿಮೀಟರ್ ಉಳಿದ ಹಳೆಯದು ಎಂದಿಟ್ಟುಕೊಂಡರೆ ವ್ಯಾಸದಲ್ಲಿ 12 ಮಿಲಿಮೀಟರ್ ಅಂತರ ಬಂತು. ಜಿಮ್ನಿಯ ಅಳತೆಯಲ್ಲಿ ಅದು ಶೇಕಡ 1.7. ಅಂದರೆ ಪ್ರತಿ ನೂರು ಮೀಟರಿಗೂ ಹಿಂದಿನ ಚಕ್ರಗಳು ಒಂದೂಮುಕ್ಕಾಲು ಮೀಟರಿನಷ್ಟು ಹೆಚ್ಚು ಸುತ್ತಬೇಕಾಗುತ್ತದೆ, ಆದರೆ ಶಾಫ್ಟು ಅದಕ್ಕೆ ಬಿಡುವುದಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿತ ಸಡಿಲವಾಗುತ್ತದೆ. ಟಾರು, ಕಾಂಕ್ರೀಟಿನ ಮೇಲೆ ಅದು ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳಿಗೂ ಜಾಯಿಂಟುಗಳಿಗೂ ಬೀಳುತ್ತದೆ. ಲಿವರ್ ಹಿಂದಕ್ಕೆ ಬರದೆ ಸಿಕ್ಕಿಕೊಳ್ಳುವುದಕ್ಕೂ ಇದೊಂದು ಕಾರಣ.

ಹೀಗಾಗಿ ನಾಲ್ಕನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಮಾದರಿಯಲ್ಲಿ ಬದಲಿಸುವುದೇ ಕ್ರಮ. ಒಂದೇ ಅಳತೆ ಬರೆದಿದ್ದರೂ ಕಂಪನಿಯಿಂದ ಕಂಪನಿಗೆ ನಿಜವಾದ ವ್ಯಾಸದಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ. ಹಣದ ಅಡಚಣೆಯಿಂದ ಎರಡನ್ನೇ ಕೊಂಡವರು ಉಳಿದೆರಡನ್ನು ಹಾಕುವವರೆಗೆ ಗಟ್ಟಿ ನೆಲದ ಮೇಲೆ ಫೋರ್‌ವೀಲ್ ಹಾಕಬಾರದು, ಹೊಸ ಜೊತೆಯನ್ನು ಹಿಂದಕ್ಕೆ ಹಾಕಿಕೊಳ್ಳಬೇಕು; ಹಿಂದಿನ ಟೈರ್ ಮೊದಲು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಹಿಡಿತಕ್ಕೆ ತರುವುದು ಕಷ್ಟ. ರೇಡಿಯಲ್ಲನ್ನೂ ಹುರಿಗಳನ್ನು ಓರೆಯಾಗಿ ಹಾಸಿದ ಹಳೆಯ ನೈಲಾನ್ ಟೈರನ್ನೂ ಬೆರೆಸುವ ಮಾತಂತೂ ಬೇಡ.

ಸ್ಟೆಪ್ನಿ?

ಸ್ಟೆಪ್ನಿಯೂ ಅದೇ ಅಳತೆಯದ್ದಾಗಿರಬೇಕು. ಐದು ಟೈರ್ ಕೊಂಡು, ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಐದನ್ನೂ ಸರದಿಯಲ್ಲಿ ತಿರುಗಿಸಿದರೆ ಎಲ್ಲವೂ ಸಮನಾಗಿ ಸವೆಯುತ್ತವೆ, ಹಿಂಬಾಗಿಲಿನಲ್ಲಿ ಬಿಸಿಲು ಕಾಯುತ್ತ ಒಂದು ಟೈರ್ ಮಾತ್ರ ಮುದಿಯಾಗುವುದು ತಪ್ಪುತ್ತದೆ. ಗಾಳಿ ಹೊಡೆಸುವಾಗ ಅದನ್ನು ಮರೆಯುವವರೇ ಹೆಚ್ಚು.

ಗಾಳಿ ಎಷ್ಟಿರಬೇಕು?

ಬಾಗಿಲಿನ ಪಟ್ಟಿಯಲ್ಲಿ ಬರೆದಷ್ಟು, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆದು. ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವುದು ಆ ಟೈರು ತಾಳಬಲ್ಲ ಗರಿಷ್ಠ ಒತ್ತಡ; ಅದನ್ನೇ ನೋಡಿ ತುಂಬಿಸಿದರೆ ಹಗುರ ಗಾಡಿ ಚೆಂಡಿನಂತೆ ಪುಟಿಯುತ್ತದೆ.

ಮಡಿಕೇರಿಯಲ್ಲಿ ಹೊಡೆಸಿದ ಗಾಳಿ ಮಂಗಳೂರಿನಲ್ಲಿ ಬದಲಾಗುತ್ತದೆಯೇ ಎಂದು ಕುತೂಹಲಿಗಳು ಕೇಳುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕೆಳಗಿಳಿದಂತೆ ಹೊರಗಿನ ವಾಯುಭಾರ ಹೆಚ್ಚುವುದರಿಂದ ಗೇಜಿನಲ್ಲಿ ಸುಮಾರು ಎರಡು ಪಿಎಸ್‌ಐ ಕಡಿಮೆ ಕಾಣಬೇಕು. ಆದರೆ ಕರಾವಳಿಯ ಸೆಕೆಗೆ ಒಳಗಿನ ಗಾಳಿ ಹಿಗ್ಗುವುದರಿಂದ ಒಂದೂವರೆಯಷ್ಟು ಮತ್ತೆ ಏರುತ್ತದೆ. ಕೊನೆಗೆ ಉಳಿಯುವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಕೆಸರಿನಲ್ಲಿ ಮಾತ್ರ ಗಾಳಿ ಇಳಿಸುವುದರಿಂದ ಪ್ರಯೋಜನವಿದೆ. ಹದಿನೆಂಟು ಇಪ್ಪತ್ತು ಪಿಎಸ್‌ಐಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ಹೆಚ್ಚು ಹಲ್ಲುಗಳು ನೆಲಕ್ಕೆ ಸಿಗುತ್ತವೆ, ಪಾಚಿ ಹಿಡಿದ ಕಲ್ಲುಗಳ ಮೇಲೆ ರಬ್ಬರು ಬಾಗಿ ಕೂರುತ್ತದೆ. ಹಾಗೆ ಇಳಿಸಿದ ಮೇಲೆ ವೇಗವಾಗಿ ಓಡಿಸಬಾರದು, ಟಾರು ಮುಟ್ಟಿದೊಡನೆ ಮತ್ತೆ ತುಂಬಬೇಕು. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇಲ್ಲದವರು ಈ ಗೋಜಿಗೆ ಹೋಗದಿರುವುದೇ ವಾಸಿ.

ತೋಟದೊಳಗೆ ಟೈರಿನ ಪಕ್ಕ ಪದೇ ಪದೇ ಹರಿಯುತ್ತದೆ. ಏನು ಮಾಡಬೇಕು?

ರೆಂಬೆ ಸವರಿ ಕಡಿದ ಕಾಫಿ ಗಿಡದ ಮೋಟು, ಒಣಗಿದ ಬಿದಿರಿನ ಸೀಳು, ದಾರಿಯ ಅಂಚಿನ ಚೂಪು ಕಲ್ಲು, ಇವೇ ನಮ್ಮಲ್ಲಿ ಪಕ್ಕದ ಗೋಡೆಯ ಶತ್ರುಗಳು. ಹಲ್ಲಿನ ಭಾಗಕ್ಕೆ ಮೊಳೆ ಹೊಕ್ಕರೆ ಟ್ಯೂಬ್‌ಲೆಸ್ ಟೈರನ್ನು ಸುಲಭವಾಗಿ ರಿಪೇರಿ ಮಾಡಬಹುದು. ಹೊರಗಿನಿಂದ ಹುರಿ ತುರುಕುವುದು ತಾತ್ಕಾಲಿಕ, ಒಳಗಿನಿಂದ ಪ್ಯಾಚ್ ಹಾಕಿಸುವುದು ಗಟ್ಟಿ. ಗೋಡೆ ಹರಿದದ್ದಕ್ಕೆ ಮಾತ್ರ ನಂಬಬಹುದಾದ ರಿಪೇರಿ ಇಲ್ಲ. ಅಂಥ ಟೈರಿಗೆ ಒಳಗೆ ರಬ್ಬರು ತುಂಡು ಇಟ್ಟು ಟ್ಯೂಬ್ ಹಾಕಿ ಓಡಿಸುವುದನ್ನು ತೋಟದೊಳಗೆ ಕಂಡಿದ್ದೇವೆ, ರಸ್ತೆಗೆ ತರಬಾರದು. ಆರಿಸುವಾಗಲೇ ಹಲ್ಲು ಭುಜದ ಮೇಲಿನಿಂದ ಗೋಡೆಯ ಅರ್ಧದವರೆಗೆ ಇಳಿದಿರುವ ಮಾದರಿಯನ್ನು ಆರಿಸಿದರೆ ಗೀರುಗಳು ಸ್ವಲ್ಪ ತಡೆಯುತ್ತವೆ.

ಹಳೆಯ ಜೀಪಿನ 6.00-16 ನೈಲಾನ್ ಟೈರಿನ ಬದಲು ರೇಡಿಯಲ್ ಹಾಕಿಸಬಹುದೇ?

ಹಾಕಿಸಬಹುದು, ಆದರೆ ಐದಕ್ಕೂ ಹಾಕಿಸಬೇಕು. ಟಾರಿನ ಮೇಲೆ ಓಟ ನೆಟ್ಟಗಾಗುತ್ತದೆ, ಬ್ರೇಕೂ ಸುಧಾರಿಸುತ್ತದೆ. ಹಳೆಯ ಡಿಸ್ಕುಗಳಲ್ಲಿ ಟ್ಯೂಬ್‌ಲೆಸ್ ಟೈರನ್ನು ಹಿಡಿದಿಡುವ ಒಳಏಣು ಇಲ್ಲದಿರುವುದು ಸಾಮಾನ್ಯ, ತುಕ್ಕೂ ಹಿಡಿದಿರುತ್ತದೆ. ಹಾಗಿದ್ದರೆ ಟ್ಯೂಬ್ ಹಾಕಿಯೇ ಓಡಿಸಬೇಕು. ಗೇಟು ದಾಟದ ಜೀಪಿಗೆ ನೈಲಾನೇ ಸಾಕು, ಅದರ ದಪ್ಪ ಗೋಡೆ ಮೋಟುಗಳಿಗೆ ಚೆನ್ನಾಗಿ ತಡೆಯುತ್ತದೆ.

ರೀಸೋಲ್ ಮಾಡಿಸಿದ ಟೈರ್? ನೈಟ್ರೋಜನ್?

ಸವೆದ ಟೈರಿಗೆ ಹೊಸ ಹಲ್ಲಿನ ಪದರ ಅಂಟಿಸುವ ರೀಸೋಲ್ ಲಾರಿ ಬಸ್ಸುಗಳಿಗೆ ಸರಿ. ಸಂಸಾರ ಕೂರಿಸಿಕೊಂಡು ಘಾಟಿ ಇಳಿಯುವ ಗಾಡಿಗೆ ಬೇಡ. ನೈಟ್ರೋಜನ್ ವಿಷಯಕ್ಕೆ ಬಂದರೆ, ಸಾಮಾನ್ಯ ಗಾಳಿಯಲ್ಲೇ ಶೇಕಡ 78ರಷ್ಟು ಅದೇ ಇದೆ. ಉಚಿತವಾಗಿ ಕೊಟ್ಟರೆ ಹಾಕಿಸಿಕೊಳ್ಳಬಹುದು.

ಯಾವಾಗ, ಹೇಗೆ ಕೊಳ್ಳಬೇಕು?

ಏಪ್ರಿಲ್ ಕೊನೆ ಅಥವಾ ಮೇ ಸರಿಯಾದ ಸಮಯ. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಪದರವಿರುತ್ತದೆ; ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿ ಅದು ಸವೆಯುವವರೆಗೆ ಹಿಡಿತ ಪೂರ್ತಿ ಸಿಗುವುದಿಲ್ಲ. ಆ ಓಟ ಒಣ ರಸ್ತೆಯಲ್ಲಿ ಮುಗಿದರೆ ಒಳ್ಳೆಯದು.

ಅಂಗಡಿಯಲ್ಲಿ ಹೆಸರಿಗಿಂತ ಮೊದಲು ತಯಾರಾದ ವಾರವನ್ನು ನೋಡಿ. ಸಣ್ಣ ಫೋರ್‌ವೀಲ್‌ಗಳ ಅಳತೆಗಳು ಕಾರಿನ ಟೈರಿನಷ್ಟು ಬೇಗ ಖರ್ಚಾಗುವುದಿಲ್ಲವಾದ್ದರಿಂದ ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತದ್ದೂ ಇರುತ್ತದೆ. ಒಂದೆರಡು ವರ್ಷ ಹಿಂದೆ ನನಗೇ ಒಂದು ಅಂಗಡಿಯವರು ಮೂರು ಹೊಸದರ ಜೊತೆ ನಾಲ್ಕು ವರ್ಷ ಹಳೆಯದೊಂದನ್ನು ಸೇರಿಸಿ ಹಾಕಿಬಿಟ್ಟಿದ್ದರು; ಮನೆಗೆ ಬಂದು ಕೆಸರು ತೊಳೆದಾಗ ಕಂಡಿತು. ಅಂದಿನಿಂದ ಡಿಸ್ಕಿಗೆ ಏರಿಸುವ ಮೊದಲೇ ಐದನ್ನೂ ಸಾಲಾಗಿ ಇಡಿಸಿ ಅಂಕಿ ಓದುತ್ತೇನೆ. ಭಾರತದಲ್ಲಿ ಮಾರುವ ಟೈರಿನ ಮೇಲೆ ಐಎಸ್‌ಐ ಗುರುತು ಕಡ್ಡಾಯ, ಅದನ್ನೂ ನೋಡಬೇಕು. ಪ್ರತಿ ಟೈರಿನ ಕ್ರಮಸಂಖ್ಯೆ ಬರೆದ ಬಿಲ್ಲು ಪಡೆಯಿರಿ. ವಾರಂಟಿಗೆ ಅದೇ ಆಧಾರ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿರುವುದರಿಂದ, ಬಿಲ್ಲಿಲ್ಲದೆ ಕೊಂಡು ಉಳಿಸುವ ಆಸೆಗೆ ಈಗ ಮೊದಲಿನಷ್ಟೂ ಅರ್ಥವಿಲ್ಲ.

ಹೊಸ ಟೈರ್ ಹಾಕಿಸಿದ ಮೇಲೆ ಸ್ಟೇರಿಂಗ್ ನಡುಗುತ್ತದೆ. ಟೈರಿನ ದೋಷವೇ?

ಮೊದಲು ಬ್ಯಾಲೆನ್ಸಿಂಗನ್ನು ಮತ್ತೊಮ್ಮೆ ಮಾಡಿಸಿ. ಡಿಸ್ಕಿನ ಒಳಗೆ ಒಣಗಿ ಅಂಟಿದ ಮಣ್ಣನ್ನು ತೊಳೆಯದೆ ತೂಕ ಹಾಕಿದರೆ, ಆ ಮಣ್ಣು ಉದುರಿದ ದಿನವೇ ನಡುಕ ಶುರುವಾಗುತ್ತದೆ. ಅದಕ್ಕೂ ನಿಲ್ಲದಿದ್ದರೆ ಮುಂದೆ ಗಟ್ಟಿ ಹೌಸಿಂಗ್ ಇರುವ ಜಿಮ್ನಿ, ಜಿಪ್ಸಿ, ಹಳೆಯ ಜೀಪುಗಳಲ್ಲಿ ಕಿಂಗ್‌ಪಿನ್ ಬೇರಿಂಗು, ಬುಷ್‌ಗಳು, ಸ್ಟೇರಿಂಗ್ ಜಾಯಿಂಟುಗಳು ಸವೆದಿವೆಯೇ ಎಂದು ನೋಡಿಸಬೇಕು. ಗುಂಡಿಯೊಂದಕ್ಕೆ ಇಳಿದೊಡನೆ ಸ್ಟೇರಿಂಗ್ ಜೋರಾಗಿ ಒದರಿ, ಗಾಡಿ ನಿಧಾನವಾದ ಮೇಲಷ್ಟೇ ನಿಲ್ಲುವ ನಡುಕ ಈ ಸವೆತದ ಲಕ್ಷಣ. ಹೊಸ ಟೈರಿನ ಹಿಡಿತ ಅದನ್ನು ಬಯಲಿಗೆ ತಂದಿರುತ್ತದೆ ಅಷ್ಟೆ.

ತೆಗೆದ ಹಳೆಯ ಟೈರುಗಳನ್ನು ಏನು ಮಾಡಬೇಕು?

ಅಂಗಡಿಯಲ್ಲೇ ಬಿಟ್ಟು ಬನ್ನಿ, ಅಷ್ಟಿಷ್ಟು ಬೆಲೆಯೂ ಸಿಗಬಹುದು. ತಂದು ತೋಟದ ಕಾರ್ಮಿಕರ ಲೈನ್‌ಮನೆಯ ಹಿಂದೆ ಎಸೆದರೆ ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆ ಅದರಲ್ಲೇ ಮೊಟ್ಟೆಯಿಡುತ್ತದೆ. ಚಳಿಗೆ ಸುಡುವುದಂತೂ ಕೂಡದು, ಆ ಹೊಗೆ ವಿಷ. ಹೂಗಿಡಕ್ಕೋ ಮಕ್ಕಳ ಉಯ್ಯಾಲೆಗೋ ಒಂದನ್ನು ಇಟ್ಟುಕೊಳ್ಳುವವರು ತಳಭಾಗದಲ್ಲಿ ನಾಲ್ಕೈದು ತೂತು ಕೊರೆದು ನೀರು ಇಳಿಯುವಂತೆ ಮಾಡಬೇಕು.